ಕಡವೆ ಓಡುವ ಗೂಡುದೀಪ

ಅಕ್ಟೋಬರ್ 9, ಗುರುವಾರ

ಒಲೆಗೆ ಇವತ್ತೂ ಹಸಿ ಸೌದೆ. ಹೊಗೆ ಕುಡಿದು ಕಣ್ಣುರಿ. ಸೊಸೆ ಸುಕನ್ಯಾ ಹೋಂಸ್ಟೇ ಅಡುಗೆ ಮುಗಿಸಿ ಒಂದು ಪೆಟ್ಟಿಗೆ ಹೊತ್ತು ತಂದಳು. ಅಲ್ಲಿನ ಮೇಡಂ ಮಗಳು ಆಡಿ ಬಿಟ್ಟ ಮಿಷನ್ನಂತೆ. ಕಬ್ಬಿನ ಗಾಣದ ಮರಿಯ ಹಾಗಿದೆ — ಎರಡು ರೋಲು, ತಿರುಗಿಸಲು ಒಂದು ಹಿಡಿ. ಜೊತೆಗೆ ತೆಳು ಕಬ್ಬಿಣದ ಅಚ್ಚುಗಳು, ಬಣ್ಣ ಬಣ್ಣದ ಇಂಕಿನ ಡಬ್ಬಿಗಳು.

"ಇಡೋಕೆ ಜಾಗ ಎಲ್ಲಿದೆ ಮಾರಾಯ್ತಿ? ನನ್ನ ತಲೆ ಮೇಲಿಡು" ಅಂದೆ.

ಮೊಮ್ಮಗಳು ರಕ್ಷಾ ಆಗಲೇ ಪೆಟ್ಟಿಗೆಯೊಳಗೆ ಮುಖ ಹಾಕಿದ್ದಳು. "ಅಜ್ಜಿ, ಇದ್ರಲ್ಲಿ ದೀಪಾವಳಿಗೆ ಗೂಡುದೀಪ ಮಾಡ್ತೀನಿ. ವರ್ಷಾ ವರ್ಷಾ ಅಜ್ಜ ಮಾಡ್ತಿದ್ರಲ್ಲ. ಈ ಸಲ ನಾನು."

ಮನೆಯವರು ಹೋದದ್ದು ಈ ಆಷಾಢದಲ್ಲಿ. ವರ್ಷ ತುಂಬುವ ತನಕ ಈ ಮನೆಗೆ ಹಬ್ಬವಿಲ್ಲ. ಹೋಳಿಗೆ ಇಲ್ಲ, ತೋರಣ ಇಲ್ಲ, ದೀಪ ಇಲ್ಲ. ಕೂಸಿಗೆ ಇದನ್ನು ಹೇಳಬೇಕಾದವಳು ನಾನು. ನನ್ನ ನಾಲಿಗೆ ಎಂಥದ್ದೆಂದು ಸಂಸೆ ಊರಿಗೆಲ್ಲ ಗೊತ್ತು. ಇದೊಂದು ಮಾತು ಹೊರಡಲಿಲ್ಲ.

ಅಕ್ಟೋಬರ್ 10

ಹೇಳಿದೆ.

"ಮಾಡೋದಕ್ಕೂ ಬೇಡ್ವಾ? ಮಾಡ್ತೀನಿ. ಕಟ್ಟೋದು ಬಿಡೋದು ಆಮೇಲೆ ನೋಡಣ" ಅಂದಳು. ಲಾಯರಿಗೆ ಹುಟ್ಟಬೇಕಿತ್ತು. ಜೀಪು ಓಡಿಸುವ ನನ್ನ ಮಗನಿಗೆ ಹುಟ್ಟಿದ್ದಾಳೆ.

ಅಕ್ಟೋಬರ್ 12, ಭಾನುವಾರ

ಇವತ್ತು ಕಂಡದ್ದನ್ನು ಬರೆಯದಿದ್ದರೆ ನಿದ್ದೆ ಬಾರದು.

ಬಿಳಿ ದಪ್ಪ ಕಾಗದ. ಅದರ ಮೇಲೆ ಅಚ್ಚು. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಲಗೆ. ರಕ್ಷಾ ಎಲ್ಲ ರೋಲಿನ ನಡುವೆ ಕೊಟ್ಟು ಹಿಡಿ ತಿರುಗಿಸಿದಳು. ಕಟಕಟ ಸದ್ದು. ಆ ಕಡೆ ಹೊರಬಂದ ಕಾಗದವನ್ನು ಮೆಲ್ಲಗೆ ಬಗ್ಗಿಸಿದಳು — ಒಳಗಿಂದ ಒಂದು ಕಡವೆ ಎದ್ದು ಬಂತು! ಕೋಡಿನಲ್ಲಿ ಕವಲು, ಕವಲಿಗೆ ಕವಲು, ಒಂದೂ ಮುರಿದಿಲ್ಲ. ಕಾಲು ದಾರದಷ್ಟು ಸಪೂರ. ಕತ್ತರಿ ಸೋಕಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಕುಳಿತೆ. ಉಸಿರು ಬಿಟ್ಟರೆ ಓಡೀತು ಅನ್ನಿಸಿತು.

"ಅದು ಕಡವೆ ಅಲ್ಲ ಅಜ್ಜಿ, ರೈನ್‌ಡೀರ್. ಕ್ರಿಸ್‌ಮಸ್ ತಾತನ ಗಾಡಿ ಎಳಿಯೋದು."

"ನಮ್ಮ ಗದ್ದೆ ಭತ್ತ ಮೇಯೋದು ನಂಗೆ ಗುರ್ತು ಸಿಗಲ್ವಾ? ಕಡವೆನೇ."

ಆಮೇಲೊಂದು ಚೂಪು ಮರ. ಅದು ತೋಟದ ಸಿಲ್ವರ್ ಮರ ಅಂದೆ. ಹಿಮದ ಹೂವು ಅಂತ ಒಂದು ತೆಗೆದಳು. "ಕಾಫಿ ಹೂವು. ಒಂದೆಸಳು ಜಾಸ್ತಿ ಆಗಿದೆ, ಇರ್ಲಿ." ಕೊನೆಗೆ ಹಿಮದ ಬೊಂಬೆ ಅಂತ ಡೊಳ್ಳು ಹೊಟ್ಟೆಯವನೊಬ್ಬ ಬಂದ, ಕಾಲೇ ಇಲ್ಲ. "ಇವ್ನು ಗದ್ದೇಲಿ ನಿಲ್ಸೋ ಬೆರ್ಚಪ್ಪ. ಕೆಲ್ಸ ಇಲ್ದೆ ಊದಿದಾನೆ."

ರಕ್ಷಾ ನೆಲಕ್ಕೆ ಬಿದ್ದು ನಕ್ಕಳು. ಅವಳಜ್ಜ ಹೋದ ಮೇಲೆ ಈ ನಗು ಕೇಳಿರಲಿಲ್ಲ.

ಅಕ್ಟೋಬರ್ 14

ಇಂಕು ಇರುವುದು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಅಂತ ತಿಳಿದಿದ್ದೆ. ಸ್ಪಂಜಿನಲ್ಲಿ ತೆಗೆದು ಕಾಗದದ ಮೇಲೆ ಸುತ್ತಿ ಸುತ್ತಿ ತಿಕ್ಕಬೇಕು. ಕೆಳಗೆ ಕಿತ್ತಳೆ, ನಡುವೆ ನೇರಳೆ, ಮೇಲೆ ನೀಲಿ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಸುರುವಾಯಿತು — ಹುಡುಕಿದರೂ ಸಿಗುವುದಿಲ್ಲ. ಕುದುರೆಮುಖದ ಹಿಂದೆ ಹೊತ್ತು ಮುಳುಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನನ್ನ ಕೈಯಲ್ಲೇ ಮುಳುಗುತ್ತದೆ ಅಂತ ಯಾರು ಕಂಡಿದ್ದರು.

ಅಕ್ಟೋಬರ್ 15

ಗುರುವಯ್ಯ ಭಾವ ಬಂದಿದ್ದರು. ಮನೆಯವರ ಅಣ್ಣ, ನಮ್ಮ ಕುಟುಂಬಕ್ಕೆ ಹಿರಿಯರು. ಬಣ್ಣದ ಕಾಗದ ಹರಡಿದ್ದು ಕಂಡರು.

"ಇದೆಂತ ಗಿಡ್ಡಮ್ಮ?"

"ಕೂಸು ಆಡ್ತಿದೆ ಭಾವ. ಕಾಫಿ ಕುಡೀರಿ."

"ಆಟ ಆದ್ರೆ ಆಗ್ಲಿ. ಮನೆ ಮುಂದೆ ಕಟ್ಟಿದ್ರೆ ಮಾತ್ರ ನಾನು ಸುಮ್ನಿರಲ್ಲ. ನನ್ನ ತಮ್ಮ ಗುಡ್ಡದಲ್ಲಿ ಮಣ್ಣಾಗಿ ವರ್ಷ ತುಂಬಿಲ್ಲ, ನಿಮಗೆ ಸಂಭ್ರಮವಾ?"

ಕಾಫಿ ಮುಟ್ಟದೆ ಹೋದರು. ರಕ್ಷಾ ಎಲ್ಲ ಬಾಚಿ ಮಂಚದ ಕೆಳಗೆ ತಳ್ಳಿದಳು. ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು.

ಅಕ್ಟೋಬರ್ 18, ಶನಿವಾರ

ಮೂರು ದಿನ ಕೂಸು ಆ ಕಡೆ ತಿರುಗಿಲ್ಲ. ಅವಳು ಸ್ಕೂಲಿಗೆ ಹೋದ ಮೇಲೆ ನಾನೇ ಹೊರಗೆಳೆದೆ. ಮನೆಯವರು ಕಾಗದಕ್ಕೆ ತೆಂಗಿನೆಣ್ಣೆ ಸವರುತ್ತಿದ್ದರು, ಬೆಳಕು ಹಾಯಲಿ ಅಂತ. ನಾನೂ ಸವರಿದೆ, ಧಾರಾಳವಾಗಿ.

ಇನ್ನು ಕಡವೆ ಅಂಟಿಸೋಣ ಅಂತ ಗಮ್ ಹಾಕಿದರೆ — ಜಾರಿತು. ಮರ ಜಾರಿತು. ಬೆರ್ಚಪ್ಪನೂ ಜಾರಿದ. ಅವರು ಅಂಟಿಸಿ ಆದ ಮೇಲೆ ಎಣ್ಣೆ ಹಚ್ಚುತ್ತಿದ್ದರು! ಪಕ್ಕದಲ್ಲೇ ಕುಳಿತು ಅಷ್ಟು ವರ್ಷ ನೋಡಿದ್ದು ಎಂತದ್ದು ನಾನು?

ಅಷ್ಟರಲ್ಲಿ ರಕ್ಷಾ ಬಾಗಿಲಲ್ಲಿ. "ಹಾಳ್ಮಾಡ್ಬಿಟ್ಯಲ್ಲ ಅಜ್ಜಿ!" ಈಗ ಅತ್ತಳು, ಎಲ್ಲಾ ಸೇರಿಸಿ.

"ಬಾಯಿ ಮುಚ್ಚು. ಬಾಳೆ ನಾರು ತಗೊಂಡು ಬಾ."

ಹೂವು ಕಟ್ಟುವ ಹಾಗೆ ಕಟ್ಟಿದೆವು. ಸೂಜಿಯಲ್ಲಿ ಸಣ್ಣ ತೂತು, ನಾರಿನ ಎಳೆ, ಹಿಂದೆ ಒಂದು ಗಂಟು. ಒಂದೊಂದು ಕಡವೆಗೆ ಒಂದೊಂದೇ ಗಂಟು. ನಿಂತವು, ಆದರೆ ಮೈ ಬಿಟ್ಟು ಅಲ್ಲಾಡುತ್ತವೆ. ಬಿದಿರು ಕಡ್ಡಿಯ ಗೂಡಿಗೆ ಕಾಗದವನ್ನೂ ನಾರಿನಲ್ಲೇ ಬಿಗಿದೆವು.

ಅಕ್ಟೋಬರ್ 19

ಭಾವನ ಮನೆಗೆ ನಾನೇ ಹೋದೆ.

"ಹೋಳಿಗೆ ಮಾಡಲ್ಲ. ಹೊಸ ಬಟ್ಟೆ ಉಡಲ್ಲ. ಆದ್ರೆ ಭಾವ, ಹೋದವ್ರಿಗೆ ದಾರಿ ಕಾಣ್ಲಿ ಅಂತ ಎತ್ತರದಲ್ಲಿ ದೀಪ ಇಡ್ತಿದ್ದಿದ್ದು ನಿಮ್ಮಪ್ಪನೇ ಅಲ್ವಾ? ನಿಮ್ಮ ತಮ್ಮನಿಗೆ ಕತ್ತಲೆನಾ?"

ಎಲೆಯಡಿಕೆ ಅಗಿಯುತ್ತಲೇ ಇದ್ದರು. ಎದ್ದು ಬಂದೆ. ಕಟ್ಟುವುದೇ. ಬೈಸಿಕೊಳ್ಳುವವಳು ನಾನಿದ್ದೇನೆ.

ಅಕ್ಟೋಬರ್ 21, ಅಮಾವಾಸ್ಯೆ. ಸಂಜೆ

ಮೇಣದ ಬತ್ತಿಯ ಬೆಳಕು, ಅಕ್ಷರ ಸೊಟ್ಟ.

ದೀಪ ಹತ್ತಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಚಾರ್ಜರ್ ಬಲ್ಬು ಒಳಗಿಟ್ಟೆವು. ರಕ್ಷಾ ಸ್ವಿಚ್ ಒತ್ತಿದಳು.

ದೇವರೇ.

ಎಣ್ಣೆ ಕುಡಿದ ಕಾಗದ ಕಾಗದವೇ ಅಲ್ಲ, ಬರೀ ಆಕಾಶ. ಕಿತ್ತಳೆ ಕೆಂಡವಾಯಿತು. ನೀಲಿಗೆ ಆಳ ಬಂತು, ಬಾವಿಯ ಹಾಗೆ. ಬಿಳಿ ಕಡವೆಗಳು ಬೆಳಕಿಗೆ ಕಪ್ಪಾದವು. ಒಂದೇ ಗಂಟಿನಲ್ಲಿ ನಿಂತವಲ್ಲ — ಗಾಳಿ ಬಂದದ್ದೇ ಕಾಲು ಎತ್ತಿದವು. ಓಡಿದವು! ಗಮ್ಮಿನಲ್ಲಿ ಅಂಟಿದ್ದರೆ ಓಡುತ್ತಿರಲಿಲ್ಲ. ಸುಕನ್ಯಾ ಕೈ ಮುಗಿದು ನಿಂತಳು. ನಾನು ಏನೂ ಅನ್ನಲಿಲ್ಲ. ನಾನು!

ಬಿದಿರು ಗಳಕ್ಕೆ ಏರಿಸುತ್ತಿದ್ದಾಗ ದಾರಿಯಲ್ಲಿ ಟಾರ್ಚು ಬೆಳಕು. ಭಾವ. ರಕ್ಷಾ ಹಗ್ಗ ಹಿಡಿದು ಕಲ್ಲಾದಳು. ನಾನು ಅವಳ ಮುಂದೆ ಹೋಗಿ ನಿಂತೆ, ಬರಲಿ ಬೈಗುಳ ಅಂತ.

ಭಾವ ಟಾರ್ಚು ಆರಿಸಿದರು. ತಲೆ ಎತ್ತಿ ನೋಡಿದರು. ತುಂಬ ಹೊತ್ತು.

"ಕೂಸೇ, ಇದು ಉಸಿರಾಡ್ತದಲ್ಲೇ..."

ಆಮೇಲೆ ಅವರೇ ಹಗ್ಗಕ್ಕೆ ಕೈ ಹಾಕಿದರು. "ಇಷ್ಟು ತಗ್ಗಲ್ಲಿ ಕಟ್ಟಿದ್ರೆ ಗುಡ್ಡದ ಮೇಲೆ ಮಲಗಿದವ್ನಿಗೆ ಎಂತ ಕಾಣ್ತದೆ? ಎಳಿ."

ಎಳೆದರು. ಎಳೆದೆವು. ಈಗ ಅಡಿಕೆ ಮರಕ್ಕಿಂತ ಮೇಲಿದೆ. ಕಿಟಕಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಭಾವ ಇನ್ನೂ ಅಂಗಳದಲ್ಲೇ ಇದ್ದಾರೆ, ರಕ್ಷಾ ಅವರಿಗೆ ಒಂದೊಂದೇ ಗುರುತು ಹೇಳುತ್ತಿದ್ದಾಳೆ. ಗಾಳಿ ಎದ್ದಿತು. ಗೂಡು ಮೆಲ್ಲಗೆ ಗುಡ್ಡದ ಕಡೆ ತಿರುಗಿತು, ಆ ಕತ್ತಲೆಯಲ್ಲಿ ಮನೆಯವರು ಮಲಗಿದ ಕಡೆಗೇ ಕಡವೆಗಳು ಓಡಿದವು.