ಮೊದಲ ಬಾಟಲಿಯ ರಕ್ತ

ಸೋಮವಾರ, ಮಧ್ಯಾಹ್ನ
ಲ್ಯಾಬಿನ ಹಿಂದಿನ ಕೋಣೆಯಿಂದ

ಪ್ರೀತಿಯ ಪುಟ್ಟಿ,

ಗುಂಡಮ್ಮ ತಟ್ಟೆ ಖಾಲಿ ಮಾಡಿ ಮತ್ತೆ ಬೇಕು ಅಂತ ಗಲಾಟೆ ಮಾಡಿದಳು ಅಂದೆಯಲ್ಲ, ಕೇಳಿ ಹೊಟ್ಟೆ ತಣ್ಣಗಾಯಿತು. ಎರಡು ವಾರದ ಕೆಳಗೆ ನಿನ್ನ ಮಗಳು ನೀರು ಕುಡಿಯಲೂ ತಲೆ ಎತ್ತುತ್ತಿರಲಿಲ್ಲ.

ನಿನ್ನೆ ಫೋನಿನಲ್ಲಿ ನೀನು ಇನ್ನೊಂದು ಮಾತೂ ಕೇಳಿದೆ. ಮಗುವಿಗೆ ಎರಡೆರಡು ಸಲ ಚುಚ್ಚಿದ ಆ ನರ್ಸ್ ಮೇಲೆ ದೂರು ಕೊಡಬೇಕು ಅಂತ ನಮ್ಮ ಯಜಮಾನರು ಹಟ ಹಿಡಿದಿದ್ದಾರೆ, ಆಸ್ಪತ್ರೆಯ ಒಳಗಿನವಳು ನೀನು, ಬರೆದುಕೊಡು ಅಕ್ಕಾ ಅಂತ. ನಾನು ಕೆಲಸವಿದೆ ಅಂತ ಫೋನ್ ಇಟ್ಟೆ. ಕೆಲಸವೇನೂ ಇರಲಿಲ್ಲ.

ಮೊದಲಿಂದ ಹೇಳುತ್ತೇನೆ, ಪೂರ್ತಿ ಓದು.

ನೀವು ಕರೆತಂದಾಗ ಮಗು ನಿಮಿಷಕ್ಕೆ ಐವತ್ತೆರಡು ಸಲ ಉಸಿರಾಡುತ್ತಿತ್ತು. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶದ ಕೆಳಭಾಗ ಬೆಳ್ಳಗಿತ್ತು. ನ್ಯುಮೋನಿಯಾ ಅನ್ನುವುದಕ್ಕೆ ಅಷ್ಟು ಸಾಕು. ಆದರೆ ಯಾವ ಕ್ರಿಮಿಯಿಂದ ಬಂದದ್ದು ಅಂತ ಹುಡುಕಲು ರಕ್ತ ಬೇಕು, ಅದನ್ನೂ ಔಷಧಿ ಕೊಡುವ ಮುಂಚೆಯೇ ತೆಗೆಯಬೇಕು. ಬಾಟಲಿಗೆ ಹಾಕಿ ಬೆಚ್ಚಗೆ ಇಟ್ಟರೆ, ರಕ್ತದಲ್ಲಿ ಕ್ರಿಮಿ ಇದ್ದರೆ ಬೆಳೆಯುತ್ತದೆ.

ನೀನು ಅಳುತ್ತಿದ್ದೆ ಅಂತ ಡಾಕ್ಟರು ನಿಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ನರ್ಸ್ ಸೂಜಿ ತಂದದ್ದೇ ತಡ, ಮಗು ನನ್ನ ಕುತ್ತಿಗೆಗೆ ಜೋತುಬಿದ್ದು ದೊಡ್ಡಮ್ಮನೇ ತೆಗೀಲಿ ಅಂತ ಕಿರುಚಿತು. ಕೊಡಿ ಇಲ್ಲಿ ಅಂದೆ. ನರ್ಸ್ ಮಗುವಿನ ಕೈ ಹಿಡಿದುಕೊಂಡಳು, ಅಷ್ಟೇ. ಚುಚ್ಚಿದವಳು ನಾನು.

ಚರ್ಮಕ್ಕೆ ಸ್ಪಿರಿಟ್ ಒರೆಸಿದ ಮೇಲೆ ಒಣಗುವ ತನಕ ಕಾಯಬೇಕು, ಮತ್ತೆ ಆ ಜಾಗ ಮುಟ್ಟಬಾರದು. ಹೊಸಬರಿಗೆ ಇದನ್ನು ಹತ್ತೊಂಬತ್ತು ವರ್ಷದಿಂದ ಬಾಯಿ ನೋಯುವಷ್ಟು ಹೇಳಿದ್ದೇನೆ. ಅವತ್ತು ನರ ಸಿಗಲಿಲ್ಲ. ಒರೆಸಿದ ಜಾಗವನ್ನೇ ಬೆರಳಿನಿಂದ ಒತ್ತಿ ಹುಡುಕಿದೆ. ಗ್ಲೌಸ್ ಹಾಕಿದ್ದೆ ನಿಜ, ಆದರೆ ಅದೇ ಗ್ಲೌಸಿನಲ್ಲಿ ಆಗತಾನೇ ಮಗುವಿನ ಮೂಗು ಒರೆಸಿದ್ದೆ.

ಮರುದಿನ ಬಾಟಲಿಯಲ್ಲಿ ಕ್ರಿಮಿ ಬೆಳೆದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದ್ರಾಕ್ಷಿ ಗೊಂಚಲಿನ ಹಾಗೆ ದುಂಡಗಿನ ಚುಕ್ಕಿಗಳು. ಗೊಂಚಲಾಗಿ ಕೂರುವವರಲ್ಲಿ ಒಬ್ಬ ಮಕ್ಕಳ ಎದೆಯಲ್ಲಿ ಕೀವು ತುಂಬಿಸುವ ಪೋಕರಿ, ಇನ್ನೊಬ್ಬ ಎಲ್ಲರ ಚರ್ಮದ ಮೇಲೂ ತನ್ನ ಪಾಡಿಗೆ ಇರುವ ಸಾಧು. ಯಾರೆಂದು ತಿಳಿಯಲು ಇನ್ನೊಂದು ದಿನ ಬೇಕು. ಡಾಕ್ಟರು ಕಾಯುವ ಹಾಗಿರಲಿಲ್ಲ. ಮೊದಲ ದಿನ ಶುರುಮಾಡಿದ್ದರ ಜೊತೆಗೆ ಮತ್ತೊಂದು ಬಲವಾದ ಔಷಧಿ ಸೇರಿಸಿದರು. ಅದು ಮೈಗೆ ಹೋದಾಗಲೇ ಮಗುವಿನ ಮುಖ ಕೆಂಪಾಗಿ ಮೈಯೆಲ್ಲ ಕೆರೆದುಕೊಂಡದ್ದು. ಖಾತ್ರಿ ಮಾಡಿಕೊಳ್ಳಲು ಎರಡನೇ ಸಲ ರಕ್ತ ತೆಗೆದವಳು ನರ್ಸ್. ನಿನ್ನ ಯಜಮಾನರು ವಾರ್ಡಿನಲ್ಲಿ ಎಲ್ಲರೆದುರು ಆಕೆಯನ್ನು ಬೈದರಂತೆ. ಆ ಎರಡನೇ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ.

ಮಾರನೇ ಬೆಳಿಗ್ಗೆ ಮೊದಲ ಬಾಟಲಿಯ ಗೊಂಚಲು ಸಾಧುವಿನದೇ, ರಕ್ತದ್ದಲ್ಲ, ಚರ್ಮದಿಂದ ಸೇರಿದ್ದು ಅಂತ ಗೊತ್ತಾಯಿತು. ಡಾಕ್ಟರ ಹತ್ತಿರ ಹೋಗಿ, ಸಾರ್, ನಾನು ಬೆರಳು ತಾಗಿಸಿದ್ದೆ ಅಂದೆ. ಅವರು ಕನ್ನಡಕ ತೆಗೆದು, ನಿನ್ನೆಯೇ ಹೇಳಬೇಕಿತ್ತು ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಅವತ್ತೇ ಮಗುವಿನ ಎದೆಯಲ್ಲಿ ಕಟ್ಟಿಕೊಂಡ ನೀರು ತೆಗೆದರು. ಅದರಲ್ಲಿ ಸಿಕ್ಕಿಬಿದ್ದ ನಿಜವಾದ ಕಳ್ಳ, ಜೋಡಿ ಜೋಡಿಯಾಗಿ ಕೂರುವ ಬೇರೆಯೇ ಕ್ರಿಮಿ. ಮೊದಲ ದಿನ ಕೊಟ್ಟ ಔಷಧಿಯೇ ಅದಕ್ಕೆ ಸಾಕಾಗಿತ್ತು. ಬಲವಾದದ್ದನ್ನು ನಿಲ್ಲಿಸಿದರು. ಎರಡು ದಿನಕ್ಕೆ ಜ್ವರ ಬಿಟ್ಟಿತು.

ಆ ಕೆರೆತ, ಆ ಎರಡನೇ ಸೂಜಿ, ಎರಡೂ ನನ್ನ ಬೆರಳಿನಿಂದ ಬಂದವು. ದೂರು ಬರೆಯುವುದಾದರೆ ನನ್ನ ಮೇಲೆ ಬರೆಯಿರಿ. ನಮ್ಮ ಮೇಲಿನವರಿಗೆ ಇವತ್ತು ನಾನೂ ಬರೆದುಕೊಟ್ಟಿದ್ದೇನೆ. ಕೋಪ ಎಷ್ಟು ದಿನ ಬೇಕಾದರೂ ಇರಲಿ, ಮಾತು ಮಾತ್ರ ಬಿಡಬೇಡ.

ಗುಂಡಮ್ಮನ ಕೆನ್ನೆಗೊಂದು ಮುತ್ತು.

ನಿನ್ನ
ಅಕ್ಕ

ತಾ.ಕ.: ಬೈದರಂತೆ ಅಂತ ಬರೆದೆನಲ್ಲ, ಅದು ಸುಳ್ಳು. ಆ ಹೊತ್ತು ನಾನು ಪರದೆಯ ಆಚೆಗೇ ನಿಂತಿದ್ದೆ, ಒಂದೊಂದು ಮಾತೂ ಕೇಳಿಸಿತು. ಈಗ ಹೋಗಿ ನರ್ಸಿನ ಹತ್ತಿರ ಕ್ಷಮೆ ಕೇಳಿ ಬಂದೆ. ಅವತ್ತು ನೀನು ಯಾಕೆ ಸುಮ್ಮನೆ ಬೈಸಿಕೊಂಡೆ ಅಂತ ನಾನು ಕೇಳಿದ್ದಕ್ಕೆ, ಪರದೆ ಕೆಳಗೆ ನಿಮ್ಮ ಚಪ್ಪಲಿ ಕಾಣ್ತಿತ್ತು ಮೇಡಂ, ನೀವೇ ಬಂದು ಹೇಳ್ತೀರಿ ಅಂತ ಕಾಯ್ತಿದ್ದೆ ಅಂದಳು.