ಆರನೆಯ ಸಹಿ

ಸಾಷ್ಟಿ, ಗೋವಾ
೯ ಸೆಪ್ಟೆಂಬರ್, ಶುಕ್ರವಾರ ಬೆಳಿಗ್ಗೆ

ನನ್ನ ಕಾಯ್ತಾನ್‌ಗೆ,

ಹೋಟೆಲಿನಲ್ಲಿ ಶಾಸಕರೆಲ್ಲರ ಮೊಬೈಲ್ ಕಿತ್ತಿಟ್ಟುಕೊಂಡಿದ್ದಾರೆಂದು ನಿನ್ನ ಡ್ರೈವರ್ ಸಾಂತಾನ್ ಹೇಳಿದ. ಹಾಗಾಗಿ ಈ ಕಾಗದವನ್ನು ಇಸ್ತ್ರಿ ಮಾಡಿದ ಅಂಗಿಗಳ ನಡುವೆ ಇಟ್ಟು ಅವನ ಕೈಲಿ ಕಳಿಸುತ್ತಿದ್ದೇನೆ. ಒಬ್ಬನೇ ಇದ್ದಾಗ ಓದು.

ನಮ್ಮ ಮಗು ರೂಬೆನ್‌ಗೆ ಜ್ವರ ಬಂದು ಇವತ್ತಿಗೆ ಮೂರು ದಿನ. ನೂರೆರಡು ಮುಟ್ಟುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ವೈರಲ್, ಗಾಬರಿ ಬೇಡ ಅಂದರು ಡಾಕ್ಟರು. ನಾನೂ ಬಿ.ಎಸ್ಸಿ. ಓದಿದವಳು, ತಲೆಯಾಡಿಸಿ ಬಂದೆ. ಆದರೂ ನಿದ್ದೆಯಿಲ್ಲ. ಗಳಿಗೆಗೊಮ್ಮೆ ಅವನ ಹಣೆ ಮುಟ್ಟಿ ನೋಡುತ್ತೇನೆ.

ಆ ಹಣೆಯ ಮೇಲೇ ಅಲ್ಲವೆ ನೀನು ಕೈಯಿಟ್ಟಿದ್ದು? ಗೆದ್ದವರೆಲ್ಲ ಪಕ್ಷ ಹಾರಿ ಹಾರಿ ಜನಕ್ಕೆ ಸಾಕಾಗಿತ್ತು. ನೀನು ಮತ ಕೇಳಲು ಹೋದಾಗ, ಊರ ಶಿಲುಬೆಯ ಮುಂದೆ ಆಣೆ ಮಾಡು ಅಂದರು. ನೀನು ಮೇಣದಬತ್ತಿ ಹಚ್ಚಿದೆ. ಅಷ್ಟಕ್ಕೆ ಬಿಡದೆ, ನಲವತ್ತು ದಿನವೂ ತುಂಬದ ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು, ‘ನಾನು ಪಕ್ಷ ಬಿಟ್ರೆ ಈ ತಲೆಗೇ ತಟ್ಲಿ’ ಅಂದೆ. ನನ್ನನ್ನೊಂದು ಮಾತು ಕೇಳಲಿಲ್ಲ. ನಿಜ ಹೇಳುತ್ತೇನೆ, ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಗೆಲ್ಲಬೇಕೆಂಬ ಆಸೆ ನನಗೂ ಇತ್ತು.

ನಿಮ್ಮ ಪಕ್ಷದ ಒಂಬತ್ತು ಶಾಸಕರಲ್ಲಿ ಆರು ಜನ ಒಟ್ಟಿಗೆ ಆಡಳಿತ ಪಕ್ಷಕ್ಕೆ ಹೋದರಷ್ಟೇ ಯಾರ ಸ್ಥಾನವೂ ಹೋಗುವುದಿಲ್ಲವಂತೆ. ಐದು ಸಹಿ ಬಿದ್ದಿವೆ. ಇವತ್ತು ಸಂಜೆ ನಾಲ್ಕಕ್ಕೆ ಸ್ಪೀಕರ್ ಮುಂದೆ ಆರನೆಯದು ನಿನ್ನದು.

ನಿನ್ನ ಮಾತು ಸುಳ್ಳಲ್ಲ. ‘ವಿರೋಧ ಪಕ್ಷದಲ್ಲಿ ಕೂತ್ರೆ ನಮ್ಮ ಕೇರಿಯ ಬೀದಿಗೆ ಒಂದು ಬಲ್ಬೂ ಬರಲ್ಲ, ಇರ್ಮಾ’ ಅಂದಿದ್ದೆ. ಬಂದಿಲ್ಲ, ನಿಜ. ನಿನ್ನ ಅಮ್ಮನೂ ‘ಗಂಡಸರ ರಾಜಕೀಯ ನಿಂಗ್ಯಾಕೆ? ಪೇಜ್ ಗಂಜಿ ಕುಡಿದು ಮಲಕೋ’ ಅನ್ನುತ್ತಾರೆ.

ಆದರೆ ಮೊನ್ನೆ ಮೀನು ಮಾರುವ ಜೊವಾನಾ ನಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸಲೇ ಇಲ್ಲ. ‘ಬಾಯೆ, ಬಂಗುಡೆನಾದ್ರೂ ಐಸಲ್ಲಿಟ್ರೆ ಎರಡು ದಿನ ತಡೀತದೆ. ನಿನ್ ಗಂಡ ಎಸಿ ರೂಮಲ್ಲಿಟ್ರೂ ಕೆಟ್ಟೋದ್ನಲ್ಲೇ!’ ಅಂದಳು. ಬೀದಿಯವರು ನಕ್ಕರು, ನನಗೂ ನಗು ಬಂತು. ಆಮೇಲೆ ಅವಳು ನನ್ನ ಸೊಂಟದಲ್ಲಿದ್ದ ರೂಬೆನ್‌ನನ್ನು ನೋಡಿ, ಶಿಲುಬೆಯ ಗುರುತು ಹಾಕಿಕೊಂಡು ಹೊರಟಳು. ಆ ಸಂಜೆಯೇ ಜ್ವರ ಬಂತು.

ಪಕ್ಷ ಬೇಡವಾದರೆ ರಾಜೀನಾಮೆ ಕೊಟ್ಟು ಬಾ, ಮತ್ತೆ ಮತ ಕೇಳು. ಸೋತರೆ ನನ್ನ ಅಪ್ಪನ ಬೇಕರಿ ಇದೆ. ನಾನು ಲೆಕ್ಕಕ್ಕೆ ಕೂರುತ್ತೇನೆ, ನೀನು ಒಲೆ ನೋಡಿಕೋ. ನಾಲ್ಕರೊಳಗೆ ಬಾ.

ನಿನ್ನ
ಇರ್ಮಾ

ಮರೆತ ಮಾತಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿದ್ದು: ಬೆಳಿಗ್ಗೆ ದೃಷ್ಟಿ ತೆಗೆಯುವ ಪಿಯೆದಾದ್ ಅಜ್ಜಿಯ ಜೊತೆ ಮಗುವನ್ನು ಶಿಲುಬೆಯ ಹತ್ತಿರ ಕರೆದೊಯ್ದಿದ್ದೆ. ‘ಆಣೆ ಅಳಿಸೋಕಾಗಲ್ಲ ಮಗಳೇ, ಇನ್ನೊಬ್ರ ತಲೆಗೆ ದಾಟಿಸ್ಬೋದು ಅಷ್ಟೇ. ಯಾರ ತಲೆ, ಹೇಳು’ ಅಂದಳು. ನನ್ನದು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ರೂಬೆನ್ ಹಾಲಿಗೆ ಅತ್ತ. ನಿನ್ನ ಹೆಸರು ಹೇಳಿಬಿಟ್ಟೆ. ಸಹಿ ಹಾಕಬೇಡ, ಕಾಯ್ತಾನ್.