ಹುಲಿಗೆಮ್ಮನಿಗೆ ಸಿಕ್ಕ ನಲವತ್ತೊಂದು ಅಂಕ

ಗಂಗಾವತಿ, ಕ್ರಿ.ಶ. ೨೩೧೮, ಎರಡನೆಯ ಆಷಾಢದ ಮೂವತ್ತೆರಡನೆಯ ದಿನ

ಮುನ್ನೂರು ವರ್ಷ ಹಿಂದಿನವರೇ,

ಈ ದಿನಾಂಕ ನಿಮ್ಮ ಪಂಚಾಂಗದಲ್ಲಿಲ್ಲ. ನನ್ನ ಕೆಲವು ಪದಗಳೂ ನಿಮ್ಮ ನಿಘಂಟಿನಲ್ಲಿ ಸಿಗಲಾರವು. ಅಷ್ಟರ ಮಟ್ಟಿಗೆ ಮಾತ್ರ ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕ್ಷಮೆ ಕೇಳಬೇಕಾದವರು ನೀವು.

ನನ್ನ ಹೆಸರು ಪಂಪಣ್ಣ. ಹಳೆಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಅಂಗಳಗಾರ. ಅಂದರೆ ಸಂಜೆ ಬಾಗಿಲು ತೆರೆದು, ನೆಲ ಗುಡಿಸಿ, ಹಲಗೆ ಬಾರಿಸುವವನು. ಕುಣಿತ ಕಲಿಸುವುದಿಲ್ಲ. ಬಂದವರು ತಮ್ಮ ಮೈಗೆ ತೋಚಿದಂತೆ ಕುಣಿಯುತ್ತಾರೆ. ಬರೀ ನೋಡಲು ಬಂದವರು ಗೋಡೆಗೆ ಮುಖ ಮಾಡಿ ಕೂರಬೇಕೆಂಬುದೊಂದೇ ನಮ್ಮ ಕಟ್ಟಳೆ. ಹತ್ತು ನಿಮಿಷ ಹಾಗೆ ಕೂತವರ ಕಾಲು ತಾನಾಗಿಯೇ ಅಲುಗತೊಡಗುತ್ತದೆ. ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ಎರಡು ಓಣಿಗಳ ಜನ ಇಲ್ಲಿ ಒಬ್ಬರ ಕಾಲು ಒಬ್ಬರು ತುಳಿದು, ಮೊದಲು ಬೈದು, ಆಮೇಲೆ ನಕ್ಕು, ಈಗ ಒಂದೇ ಕೊಡದ ನೀರು ಕುಡಿಯುತ್ತಾರೆ.

ಹುಲಿಗೆಮ್ಮ ಹದಿಮೂರನೆಯ ವಯಸ್ಸಿಗೆ ಇಲ್ಲಿಗೆ ಬಂದಳು. ತೊದಲುತ್ತಿದ್ದುದರಿಂದ ಮಾತನ್ನೇ ಬಿಟ್ಟಿದ್ದ ಹುಡುಗಿ. ಕುಣಿಯುವಾಗ ಅವಳ ಬಲಭುಜ ಮುಂದೆ ಹೊರಟು, ಏನೋ ಮರೆತು ಬಂದವರಂತೆ ಅರ್ಧಕ್ಕೇ ಹಿಂದಿರುಗುತ್ತಿತ್ತು. ಎರಡು ವರ್ಷದಲ್ಲಿ ಮಾತೂ ಮರಳಿತು. “ಯಜ್ಜ, ನೀ ಕುಣದ್ರ ಎಮ್ಮಿ ಹೊಂಡಕ್ಕ ಇಳದಂಗ ಐತಿ,” ಎಂದು ಅವಳು ತೊದಲುತ್ತಲೇ ನನ್ನನ್ನು ಹಂಗಿಸಿದ ಸಂಜೆ ಇಡೀ ಗಿರಣಿ ನಕ್ಕಿತು.

ಆಮೇಲೆ ನಾನು ತಪ್ಪು ಮಾಡಿದೆ. ಆ ಕುಣಿತ ಎಲ್ಲಿ ಅಳಿದುಹೋದೀತೋ ಎಂದು ಅಂಜಿ, ಅವಳನ್ನು ಕೇಳದೆ, ಚಿತ್ರೀಕರಿಸಿ ಲಯಮಂಡಳಿಗೆ ಕಳುಹಿಸಿದೆ. ಕುಣಿತಗಳನ್ನು ಕಾಪಾಡುವ ಸರ್ಕಾರಿ ಮಂಡಳಿ ಅದು. ಮಂಡಳಿ ಅದಕ್ಕೆ ತನ್ನ ಪಟ್ಟಿಯಲ್ಲಿ ‘ಹುಲಿಗಿ ಒಂಬತ್ತು’ ಎಂದು ಹೆಸರಿಟ್ಟು, ತಿದ್ದಿ, ಶಾಲೆಗಳಲ್ಲಿ ಕಡ್ಡಾಯ ಮಾಡಿತು. ಶಾಲೆಯ ಅಂಕನೆಲ, ಅಂದರೆ ಮೇಲೆ ನಿಂತವರ ಓಲಾಟ ಅಳೆದು ಅಂಕ ತೋರಿಸುವ ಹಾಸು, ಹುಲಿಗೆಮ್ಮನಿಗೆ ಅವಳದೇ ಕುಣಿತದಲ್ಲಿ ನೂರಕ್ಕೆ ನಲವತ್ತೊಂದು ಕೊಟ್ಟಿತು.

“ನಂದು ನನಗ ಬರಂಗಿಲ್ಲಂತ, ಯಜ್ಜ,” ಎಂದಳು. ಅಂದಿನಿಂದ ಅವಳು ಅಂಗಳಕ್ಕೆ ಬಂದಿಲ್ಲ, ನನ್ನೊಡನೆ ಮಾತಾಡಿಲ್ಲ.

ನನ್ನ ತಪ್ಪು ನನ್ನದು. ಆದರೆ ಈ ಚಾಳಿ ನಿಮ್ಮದು. ನಾಲ್ಕು ವರ್ಷದ ಮಕ್ಕಳಿಗೆ ಲಿಪ್‌ಸ್ಟಿಕ್ ಹಚ್ಚಿ ವೇದಿಕೆ ಹತ್ತಿಸಿದವರು ನೀವು. ಎದುರಿಗೆ ಮೂವರು ತೀರ್ಪುಗಾರರನ್ನು ಕೂರಿಸಿ, ಮಗು ಸೋತು ಅತ್ತಾಗ ಕ್ಯಾಮೆರಾವನ್ನು ಕಣ್ಣೀರಿನ ಹತ್ತಿರಕ್ಕೆ ಒಯ್ದವರು ನೀವು. ಮದುವೆಯಲ್ಲಿ ಮನಸಾರೆ ಕುಣಿಯುವುದನ್ನು ಬಿಟ್ಟು, ತಿಂಗಳುಗಟ್ಟಲೆ ಒಂದೇ ಹೆಜ್ಜೆ ಅಭ್ಯಾಸ ಮಾಡಿ, ತಪ್ಪಿದ ಚಿಕ್ಕಮ್ಮನ ಮೇಲೆ ಸಿಡುಕಿದವರೂ ನೀವೇ. ನಿಮ್ಮ ಚಿತ್ರಗಳೆಲ್ಲ ನಮ್ಮಲ್ಲಿ ಉಳಿದಿವೆ. ಅವುಗಳನ್ನು ನೋಡುವಾಗ ನಿಮ್ಮ ವಂಶದವನೆನ್ನಲು ನನಗೆ ನಾಚಿಕೆಯಾಗುತ್ತದೆ.

ನಾಳೆ ನಮ್ಮ ಗಿರಣಿಗೂ ಅಂಕನೆಲ ಹಾಸಲು ಮಂಡಳಿಯವರು ಬರುತ್ತಾರೆ. ಹಾಸಲು ಅಂಗೈಯಗಲ ಜಾಗವೂ ಸಿಗದಂತೆ ಬೆಳಗಿನಿಂದಲೇ ಕುಣಿಯಲು ಎರಡೂ ಓಣಿಗಳವರು ಒಪ್ಪಿದ್ದಾರೆ. ಹುಲಿಗೆಮ್ಮನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಎದುರಿಗೆ ಬರಲಿಲ್ಲ. ಎಷ್ಟು ಗಂಟೆಗೆ ಶುರು ಎಂದು ತಾಯಿಯಿಂದ ಕೇಳಿಸಿದಳು. ನನಗಿರುವ ಭರವಸೆ ಅಷ್ಟೇ.

ನಿಮ್ಮಲ್ಲಿ ಒಂದೇ ಬೇಡಿಕೆ. ಇವತ್ತು ನಿಮ್ಮ ಮನೆಯ ಮಗು ಕಾರಣವಿಲ್ಲದೆ ಕುಣಿದರೆ, ಫೋನು ಹುಡುಕಿ ತಂದು ‘ಇನ್ನೊಂದು ಸಲ ಮಾಡು’ ಎನ್ನಬೇಡಿ. ಎದ್ದು ಅದರ ಜೊತೆ ಕುಣಿಯಿರಿ. ಅದೂ ಆಗದಿದ್ದರೆ, ದಯವಿಟ್ಟು ಆ ಕೋಣೆಯಿಂದ ಹೊರಗೆ ಹೋಗಿ.

ಪಂಪಣ್ಣ, ಅಂಗಳಗಾರ